ತೂರಿಯಾ ಕಿತ್ತ ಗೂಟಗಳು

"ಸುಮ್ನೆ ಹಾಗೇ ಬಂದು ಮಕ್ಕಳಿಗೆ ಹೇಳಿ ಹೋಗಿ ಅತ್ತೆ" ಎಂದು ಪೇತೆರಾ ಮೇಷ್ಟ್ರು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಈ ನೆಲದ ಮೂಲದವರಾದ ಮಾವೊರಿ ಹಿರಿಯರು ಎಲ್ಲಿಗೂ ಸುಮ್ಮನೆ ಬರುವುದಿಲ್ಲ. ಗೊತ್ತಿದ್ದೂ ಹೇಳಿದ್ದ. ಆಸೆ ಅಂಥದ್ದು.

ಸರ್ಕಾರದವರು ಊರಿನ ಜಮೀನು ಕಸಿದುಕೊಳ್ಳಲು ಅಳೆದು ನೆಟ್ಟ ಗೂಟಗಳನ್ನು ಅವನ ಮುತ್ತಜ್ಜಿ ತೂರಿಯಾ ಒಬ್ಬಳೇ ಕಿತ್ತಿದ್ದಳು. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಸಿಪಾಯಿಗಳು ಬಂದಾಗ ಅವಳು ಏನೆಂದಳು ಎನ್ನುವುದು ಗೊತ್ತಿದ್ದದ್ದು ರಾಹೇರಾ ಅತ್ತೆಗೆ ಮಾತ್ರ. ಚಿಕ್ಕಂದಿನಿಂದ ಕೇಳುತ್ತಲೇ ಇದ್ದ. "ಹಾದಿಬೀದೀಲಿ ಹೇಳೋ ಕತೆಯಲ್ಲ ಕಣೋ, ಕಾಲ ಬರಲಿ" ಎನ್ನುತ್ತಿದ್ದಳು. ಅವನ ತಲೆ ಅರ್ಧ ನರೆತರೂ ಕಾಲ ಬಂದಿರಲಿಲ್ಲ.

ಅವನು ಮಾಡುತ್ತಿದ್ದ ವಿಶ್ವ ಇತಿಹಾಸದ ಪಾಠದಲ್ಲಿ ಫ್ರಾನ್ಸಿನ ರಾಜನ ತಲೆ ಉರುಳಿಸಲು ವಾರಗಟ್ಟಲೆ ಸಮಯವಿತ್ತು, ತೂರಿಯಾಗೆ ಜಾಗವಿರಲಿಲ್ಲ. ಹೆಡ್‌ಮಾಸ್ಟರ್ ಡಾಸನ್‌ರ ಬೆನ್ನು ಬಿದ್ದು ಕೊನೆಗೂ ಒಂದು ಪೀರಿಯಡ್ ಗಿಟ್ಟಿಸಿದ್ದ. ಮಕ್ಕಳ ನೆಪದಲ್ಲಿ ತಾನೂ ಕೇಳಬಹುದು.

ಆ ದಿನ ಬೆಳಿಗ್ಗೆ ಶಾಲೆಯ ಆಫೀಸಿನ ಮೋರಾ ಓಡಿ ಬಂದಳು. "ಸರ್, ಎರಡು ವ್ಯಾನ್ ತುಂಬ ನಿಮ್ಮ ಕಡೆಯವರು ಬಂದಿದ್ದಾರೆ. ಒಳಗೆ ಬನ್ನಿ ಅಂದ್ರೆ ನನ್ನ ಮುಖ ನೋಡಿ ನಗ್ತಾರೆ."

ಗೇಟಿನ ಹೊರಗೆ, ಬೀಸುವ ಗಾಳಿಯಲ್ಲಿ, ಬಸ್ಸು ತಪ್ಪಿದ ದಿಬ್ಬಣದಂತೆ ಎಲ್ಲರೂ ನಿಂತಿದ್ದರು. ಮುಂದೆ ಕಪ್ಪು ಬಟ್ಟೆಯ ಅತ್ತೆ.

"ಹೆಂಗಸೊಬ್ಬಳು ದನಿಯೆತ್ತಿ ಕರೀಬೇಕು ಮೋರಾ. ಅಲ್ಲೀವರೆಗೂ ಅವರು ಕಾಲಿಡಲ್ಲ" ಎಂದ ಪೇತೆರಾ.

"ಮೈಕಿನಲ್ಲಿ ಕರೀಲಾ?"

ಕೊನೆಗೆ ಪದ್ಧತಿ ಬಲ್ಲ ಕ್ಯಾಂಟೀನಿನ ಹೆಂಗಸು ಕೈ ಒರೆಸಿಕೊಂಡು ಬಂದು ಕರೆದಳು. ಆ ಕೂಗಿಗೆ ಡಾಸನ್‌ರ ಮೈಯೂ ಜುಮ್ಮೆಂದಿತು. ಆಮೇಲೆ ಅತ್ತೆಯ ಕಡೆಯ ಮುದುಕನ ಭಾಷಣ: ಬೆಟ್ಟ, ಹೊಳೆ, ಸತ್ತವರು, ಸತ್ತವರ ಹಿರಿಯರು. ಅದಕ್ಕೆ ಶಾಲೆಯ ಪರವಾಗಿ ಪೇತೆರಾನ ಉತ್ತರ. ಮಾತು ಮುಗಿದ ಮೇಲೆ ಶಾಲೆಯ ಕಡೆಯವರೆಲ್ಲ ಹಾಡಬೇಕು. ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನನಗೊಂದು ಗೊತ್ತು" ಎಂದು ಲೆಕ್ಕದ ಮೇಷ್ಟ್ರು ಕ್ರಿಸ್‌ಮಸ್ ಹಾಡು ಶುರುಮಾಡಿದರು. ಅದು ಮಾರ್ಚ್ ತಿಂಗಳು. ನೆಂಟರು ಪಾಪ ದೊಡ್ಡ ಮನಸ್ಸು ಮಾಡಿ ದನಿಗೂಡಿಸಿದರು. ಕೊನೆಗೆ ಮೂಗಿಗೆ ಮೂಗು ತಾಗಿಸಿ ವಂದಿಸುವಾಗ ಕನ್ನಡಕಗಳು ಟಗರಿನಂತೆ ಗುದ್ದಾಡಿದವು. ಅಷ್ಟರಲ್ಲಿ ಪೀರಿಯಡ್ ಅರ್ಧ ಕರಗಿತ್ತು.

"ಅತ್ತೆ, ಇನ್ನು ಕತೆ..."

"ಒಲೆ ಹಚ್ಚಿದ್ದೀಯಾ?"

"ಅತ್ತೆ, ಹೊತ್ತಾಗ್ತಿದೆ."

"ಹಸಿದ ಹೊಟ್ಟೇಲಿ ತೂರಿಯಾ ಹೆಸರೆತ್ತಲಾ? ಕರೆಸಿದೋನು ನೀನು, ಈ ಶಾಲೆ ಕಡೆ ನಮ್ಮ ರಕ್ತದೋನೂ ನೀನೊಬ್ಬನೇ. ನಡಿ ಅಡಿಗೆಮನೆಗೆ."

ಪೇತೆರಾ ಗೆಣಸು ಬೇಯಿಸಿದ, ಬ್ರೆಡ್ಡು ಕೊಯ್ದ, ಟೀ ಹೊತ್ತ. ಎಲ್ಲರೂ ಉಂಡು ಕತೆಗೆಂದು ಹಾಲ್ ಸೇರಿದ ಮೇಲೆ ತಾನೂ ಅತ್ತ ಹೆಜ್ಜೆ ಹಾಕಿದರೆ, ಕ್ಯಾಂಟೀನಿನವಳು ಅಡ್ಡ ನಿಂತಳು. "ಎಂಜಲು ಪಾತ್ರೆ ಹಾಗೇ ಬಿಟ್ಟು ಹೋಗ್ತೀರಾ ಸರ್? ನಿಮ್ಮತ್ತೆ ನೋಡಿದ್ರೆ ಕಿವಿ ಹಿಂಡ್ತಾರೆ."

ನಿಜವೇ. ತೊಳೆಯುತ್ತ ನಿಂತ. ಗೋಡೆಯಾಚೆ ಮೊದಲು ಮೌನ, ಆಮೇಲೆ ಮಕ್ಕಳ ನಗು, ಮತ್ತೆ ಮೌನ. ಯಾರೋ ಮೂಗು ಸೀಟಿದ ಸದ್ದು. ಒದ್ದೆ ಕೈಯಲ್ಲೇ ಓಡಿದಾಗ ಎಲ್ಲರೂ ಎದ್ದು ನಿಂತು ಹಾಡುತ್ತಿದ್ದರು. ಮುಗಿದಿತ್ತು. ಪೇತೆರಾನಿಗೆಂದು ಇಟ್ಟಿದ್ದ ಕುರ್ಚಿಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದವರು ಡಾಸನ್.

"ಮುಂದಿನ ವರ್ಷ ಇದಕ್ಕೆ ಒಂದು ಪೀರಿಯಡ್ ಸಾಲದು ಪೇತೆರಾ. ಇಡೀ ತಿಂಗಳು ಇಡೋಣ" ಎಂದರು. ಪೇತೆರಾನ ಎದೆ ಹಿಗ್ಗಿತು. ಡಾಸನ್ ಮುಂದುವರಿಸಿದರು: "ನಾನೇ ಪಾಠ ಮಾಡ್ತೀನಿ. ನೀವು ಫ್ರಾನ್ಸ್ ನೋಡಿಕೊಳ್ಳಿ, ಅದರಲ್ಲಿ ನಿಮ್ಮ ಕೈ ಪಳಗಿದೆ."

ವ್ಯಾನಿನ ಕಿಟಕಿಯಲ್ಲಿ ಅತ್ತೆ ಅವನ ಕೆನ್ನೆ ಸವರಿದಳು. "ಹೆಡ್‌ಮಾಸ್ಟರು ಮುಂದಿನ ವರ್ಷವೂ ಬಾ ಅಂದ್ರು. ಅಡಿಗೆಗೆ ನಿನ್ನನ್ನೇ ಹಾಕಬೇಕು ಅಂದಿದ್ದೀನಿ ಮರಿ. ಗೆಣಸು ಎಷ್ಟು ಹದವಾಗಿ ಬೆಂದಿತ್ತು."

ವ್ಯಾನು ತಿರುವಿನಲ್ಲಿ ಮರೆಯಾಯಿತು. ಮೈದಾನದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕ್ರಿಕೆಟ್ ಸ್ಟಂಪು ಕಿತ್ತು ಹೆಗಲ ಮೇಲಿಟ್ಟುಕೊಂಡು ಏನೋ ಹೇಳಿದಳು. ಆಟದಲ್ಲಿ ಸಿಪಾಯಿಗಳಾಗಿದ್ದ ಉಳಿದವರು ಬಿದ್ದು ಬಿದ್ದು ನಕ್ಕರು. ಪೇತೆರಾ ಹತ್ತಿರ ಹೋದ.

"ಈಗೇನಂದೆ? ಸಿಪಾಯಿಗಳಿಗೆ ತೂರಿಯಾ ಏನಂದಳು?"

ಹುಡುಗಿ ತುಟಿ ಕಚ್ಚಿಕೊಂಡು ನಕ್ಕಳು. "ಪರೀಕ್ಷೆ ಮಾಡ್ತಿದ್ದೀರಾ ಸರ್? ನಿಮ್ಮ ಮುತ್ತಜ್ಜೀನೇ ಅಲ್ವಾ, ನಿಮಗೆ ಗೊತ್ತಿಲ್ದೇ ಇರುತ್ತಾ?"

ಉಳಿದವರೂ ಆಟ ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿದ್ದರು.

"ಗೊತ್ತು" ಎಂದ ಪೇತೆರಾ ಮೇಷ್ಟ್ರು.