ಕೆಂಪು ಕಾರೂ ಕಾಕಾನ ‘ಆಗೂದಿಲ್ಲ’ವೂ

ಇದು ಆಗುವ ಮಾತಲ್ಲ ಎಂದು ಮೊಟ್ಟಮೊದಲು ಹೇಳಿದವರು ನಮ್ಮ ಕಾಕಾ. ಕೆಲಸ ಹಿಡಿದವರೂ ಅವರೇ. ಇವೆರಡರ ನಡುವೆ ನಿಮಗೇನಾದರೂ ವಿರೋಧ ಕಂಡರೆ, ನೀವು ಗೋಕಾಕದ ಕಡೆಯವರಲ್ಲ. ಇಲ್ಲವೇ ನಿಮ್ಮ ಟ್ರ್ಯಾಕ್ಟರ್ ಇನ್ನೂ ಕೆಟ್ಟಿಲ್ಲ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಗೋಕಾಕದಲ್ಲಿ ಅವರದೊಂದು ಗ್ಯಾರೇಜು. ಯಾರು ಏನು ತಂದರೂ ಅವರ ಮೊದಲ ಮಾತು ಒಂದೇ: “ಆಗೂದಿಲ್ಲ.” ಕೌಜಲಗಿಯ ರೈತನೊಬ್ಬ ಪಂಪಿನ ಇಂಜಿನ್ನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರೆ, ಅದನ್ನು ಕೆಳಗಿಳಿಸುವ ಮೊದಲೇ “ಆಗೂದಿಲ್ಲ, ಒಯ್ರಿ” ಎನ್ನುತ್ತಿದ್ದರು. ಹೊಸಬರು ಬೆದರಿ ಮತ್ತೆ ಹಗ್ಗ ಬಿಗಿಯುತ್ತಿದ್ದರು. ಗೊತ್ತಿದ್ದವರು ಚಹಾ ಹೇಳಿ ಕುಳಿತುಕೊಳ್ಳುತ್ತಿದ್ದರು. ಚಹಾ ಮುಗಿಯುವುದರೊಳಗೆ ಕಾಕಾ ಪಾನಾ ಹಿಡಿದು ಇಂಜಿನ್ನನ್ನು ಅರ್ಧ ಬಿಚ್ಚಿರುತ್ತಿದ್ದರು. ಬಾಯಿ ಮಾತ್ರ, “ಆಗೂದಿಲ್ಲಂತ ಮೊದಲ ಹೇಳೇನಿ ನೋಡ್ರಿ, ಆಮ್ಯಾಲ ನನಗ ಅನ್ನಬ್ಯಾಡ್ರಿ” ಎನ್ನುತ್ತಲೇ ಇರುತ್ತಿತ್ತು. ಸಂಜೆಗೆ ಇಂಜಿನ್ನು ಡಬಡಬ ಎನ್ನುತ್ತಾ ಊರಿಗೆ ಹೋಗುತ್ತಿತ್ತು.

ಮನೆಯಲ್ಲೂ ಅದೇ ಕಥೆ. ಊಟಕ್ಕೆ ಕುಳಿತಾಗ ಕಾಕಾನ ಹೆಂಡತಿ, ನಮ್ಮ ಕಾಕು, “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದರೆ, “ಆಗೂದಿಲ್ಲ.” ಕಾಕು ಎರಡು ಹಾಕುತ್ತಿದ್ದರು. “ಇವರ ಮಾತು ನಂಬಿದ್ರ ಇವರು ಎಂದೋ ಉಪವಾಸ ಬೀಳ್ತಿದ್ರು” ಎನ್ನುವುದು ಕಾಕುವಿನ ಅನುಭವದ ನುಡಿ.

ಹೀಗಿರುವಾಗ, ನಾನು ಇಂಜಿನಿಯರಿಂಗ್ ಸೇರುತ್ತೇನೆ ಎಂದ ದಿನ ಅವರು ಏನಂದಿರಬಹುದು? ಅದನ್ನೇ ಅಂದರು. ಮರುದಿನ ಮುಂಜಾನೆ ಕಾಲೇಜಿನ ಗೇಟಿಗೆ ನನಗಿಂತ ಮೊದಲು ಹೋಗಿ ನಿಂತಿದ್ದರು. ಲಾರಿ ಓಡಿಸುತ್ತಿದ್ದ ನಮ್ಮಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಅಂದಿನಿಂದ ಅವ್ವ, ನಾನು ಕಾಕಾನ ಮನೆಯಲ್ಲೇ ಇದ್ದೆವು. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಪದವಿಯ ಮುಖ ಕಂಡವರಿರಲಿಲ್ಲ. ಮೊದಲು ಕಂಡವಳು ನಾನು. ಇದನ್ನು ನಾಚಿಕೊಂಡು ಹೇಳುವ ಅಭ್ಯಾಸ ನನಗಿಲ್ಲ.

ಆದರೆ ಕೊನೆಯ ವರ್ಷ ನನ್ನ ಜೀವ ಬಾಯಿಗೆ ಬಂದದ್ದು ಖರೆ. ತೊಂಬತ್ತರ ದಶಕದ ಕೊನೆಯ ಮಾತು ಅದು. ಮೆಕ್ಯಾನಿಕಲ್ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಪ್ರಾಜೆಕ್ಟಿನ ವಿಷಯ ಆರಿಸುವಾಗ ನಮ್ಮ ಸರ್, “ಕಾಗದದ ಮೇಲೆ ಮುಗಿಯುವಂಥದ್ದು ನೋಡಮ್ಮ, ಕೈ ಹೊಲಸು ಮಾಡಿಕೊಳ್ಳಬೇಡ” ಎಂದರು. “ಓಡುವ ಇಂಜಿನ್ನನ್ನೇ ತೋರಿಸುತ್ತೇನೆ ಸರ್” ಎಂದುಬಿಟ್ಟೆ. ಹೊರಗಿನ ಪರೀಕ್ಷಕರ ಎದುರು ಇಂಜಿನ್ನು ಓಡದಿದ್ದರೆ ಪದವಿ ಒಂದು ವರ್ಷ ಮುಂದೆ ಹೋಗುತ್ತಿತ್ತು. ಒಂದು ವರ್ಷ ಕಾಯುವ ಪುರುಸೊತ್ತು ಮನೆಯಲ್ಲಿ ಯಾರಿಗಿತ್ತು? ಗಂಡು ನೋಡುವ ಮಾತು ಆಗಲೇ ಪಡಸಾಲೆ ದಾಟಿ ಅಡುಗೆಮನೆಗೆ ಬಂದಿತ್ತು. ಈಗ ತಪ್ಪಿದರೆ ಪದವಿ ತಪ್ಪಿದಂತೆಯೇ.

ಓಡಿಸಬೇಕಾದ ಇಂಜಿನ್ನಾದರೂ ಎಂಥದ್ದು? ಮೂಡಲಗಿಯ ಬೆಲ್ಲದ ವ್ಯಾಪಾರಿ ಸಾಹುಕಾರರೊಬ್ಬರದೊಂದು ಕೆಂಪು ಕಾರಿತ್ತು. ವಿಲಾಯತಿ ಸ್ಪೋರ್ಟ್ಸ್ ಕಾರು; ಕೂರಲು ಇಬ್ಬರಿಗೆ ಮಾತ್ರ ಜಾಗ. ಸಾಹುಕಾರರ ಅಣ್ಣ (ಅವರ ಬಾಯಲ್ಲಿ ‘ದಾದಾ’) ಯಾವ ಕಾಲದಲ್ಲೋ ಮುಂಬಯಿಯಿಂದ ತಂದದ್ದು. ಅಣ್ಣ ತೀರಿಕೊಂಡ ಮೇಲೆ ಅದು ಘೋಡಗೇರಿಯ ಹೊಲದ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಪೆಟ್ರೋಲನ್ನು ಭಾರಿ ಒತ್ತಡದಲ್ಲಿ ಅಳೆದು ಒಂದೊಂದು ಸಿಲಿಂಡರಿಗೂ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಅದರದು. ಅಳೆಯುವ ಭಾಗ ಕೆಟ್ಟುಹೋಗಿತ್ತು, ಬದಲಿಗೆ ಇನ್ನೊಂದು ನಮ್ಮ ಸೀಮೆಯಲ್ಲಿ ಸಿಗುವಂತಿರಲಿಲ್ಲ. ಅದನ್ನು ಕಿತ್ತು, ಆ ಜಾಗದಲ್ಲಿ ಕಾರ್ಬೊರೇಟರ್ ಕೂಡಿಸಿ, ಇಂಜಿನ್ನು ತಾನು ಎಳೆದುಕೊಂಡ ಗಾಳಿಗೆ ತಕ್ಕಷ್ಟು ಪೆಟ್ರೋಲು ತಾನೇ ಬೆರೆಸಿಕೊಳ್ಳುವಂತೆ ಮಾಡುವುದು ನನ್ನ ಪ್ರಾಜೆಕ್ಟು.

ಕಾಕಾ ಕೇಳಿಸಿಕೊಂಡರು. “ಇಂಜೆಕ್ಷನ್ ಅಂದ್ರ ದವಾಖಾನ್ಯಾಗ ಮಲಗಿಸಿ ಸಲಾಯಿನ್ ಹಚ್ಚಿದಂಗ. ಕಾರ್ಬೊರೇಟರ್ ಅಂದ್ರ ತಾಟಿನ ಮುಂದ ಕುಂದರಿಸಿದಂಗ. ಹಸಿವಿದ್ದಷ್ಟು ತಾನ ಉಣ್ಣತೈತಿ.”

“ಹಂಗಾರ ಮಾಡೂಣೇನ್ರಿ ಕಾಕಾ?”

“ಆಗೂದಿಲ್ಲ.”

ಅರ್ಧ ಪದವಿ ಕೈಗೆ ಬಂದಷ್ಟು ಸಮಾಧಾನವಾಯಿತು ನನಗೆ.

ಕಾರನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಘೋಡಗೇರಿಯಿಂದ ಎಳೆದು ತಂದೆವು. ಕಬ್ಬಿನ ಹಂಗಾಮು, ರಸ್ತೆಯ ತುಂಬ ಕಬ್ಬಿನ ಟ್ರೇಲರುಗಳು. ಅವುಗಳ ನಡುವೆ ಕರಿ ಟೊಪ್ಪಿಗೆ ಹಾಕಿಕೊಂಡ ಸಾಹುಕಾರರು ಕೆಂಪು ಕಾರಿನ ಸ್ಟೇರಿಂಗ್ ಹಿಡಿದು, ತಾವೇ ಓಡಿಸುತ್ತಿರುವಂತೆ ಗಂಭೀರವಾಗಿ ಕುಳಿತಿದ್ದರು. ದಾರಿಯ ಚಹಾದಂಗಡಿಯಿಂದ ಯಾರೋ ಕೂಗಿದರು: “ಏನ್ರಿ ಸಾವ್ಕಾರ್ರ, ಈ ಸಲ ಕಬ್ಬು ಭಾಳ ಗಿಡ್ಡ ಬಂದೈತಲ್ರಿ?”

ಸಾಹುಕಾರರು ಕತ್ತು ತಿರುಗಿಸಲಿಲ್ಲ. ಆ ಸಿಟ್ಟನ್ನು ಗ್ಯಾರೇಜಿನವರೆಗೂ ಕಾಯ್ದಿಟ್ಟುಕೊಂಡು ಬಂದು ಕಾಕಾನ ಮೇಲೆ ಇಳಿಸಿದರು: “ಮಿಸ್ತ್ರಿ, ಇದು ನಮ್ಮ ದಾದಾನ ಗಾಡಿ. ಹಾಳ ಮಾಡಿದ್ರ ನೋಡು ಮತ್ತ.”

“ಹಾಳಂತೂ ಆಗೇ ಐತ್ರಿ ಸಾವ್ಕಾರ್ರ. ನನಗೇನ ಉಳಿಸೀರಿ ಅದರಾಗ?”

ಎರಡು ಕಾರ್ಬೊರೇಟರುಗಳನ್ನು ಕೊಲ್ಲಾಪುರದ ಗುಜರಿಯಲ್ಲಿ ಹುಡುಕಿ ತಂದೆವು. ಅವುಗಳಿಂದ ಇಂಜಿನ್ನಿಗೆ ಗಾಳಿ ಒಯ್ಯುವ, ಆರು ಕವಲಿನ ಅಲ್ಯೂಮಿನಿಯಂ ಕೊಳವೆಯನ್ನು ಮಾತ್ರ ಹೊಸದಾಗಿ ಎರಕ ಹೊಯ್ಯಿಸಬೇಕು. ನಕ್ಷೆ ನಾನು ಬರೆದೆ. ಎರಕಕ್ಕೆ ಮೊದಲು ಅದೇ ಆಕಾರದ ಕಟ್ಟಿಗೆಯ ಅಚ್ಚು ಬೇಕಲ್ಲ? ಕಾಕಾ ನಕ್ಷೆಯನ್ನು ನೆಟ್ಟಗೆ ಗೋಕಾಕದ ಕಟ್ಟಿಗೆ ಗೊಂಬೆ ಮಾಡುವ ತಮ್ಮ ಗೆಳೆಯನಿಗೆ ಕೊಟ್ಟರು. ಬಾಳೆಹಣ್ಣು, ಸೀತಾಫಲ ಕೆತ್ತುವ ಕೈ ಅದು. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆದರೆ ಅಚ್ಚು ಮಾವಿನಹಣ್ಣಿನ ಹಳದಿಯಲ್ಲಿ ಹೊಳೆಯುತ್ತಿತ್ತು. ಆರೂ ತುದಿಗೆ ನಸುಗೆಂಪು, ನಡುವೆ ಒಂದು ಹಸಿರು ಎಲೆ ಬೇರೆ.

“ಬಣ್ಣ ಯಾಕ ಹಚ್ಚಿದ್ಯೋ ಮಾರಾಯಾ?” ಎಂದರು ಕಾಕಾ.

“ಬಣ್ಣ ಇಲ್ಲದಂಗ ನನ್ನ ಅಂಗಡಿಯಿಂದ ಒಂದು ಸಾಮಾನರ ಹೊರಗ ಹೋಗೇತೇನು?”

ಬೆಳಗಾವಿಯ ಫೌಂಡ್ರಿಯವರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿ, ಆಮೇಲೆ ಎರಕ ಹೊಯ್ದರಂತೆ. ಕೆಲಸ ಮುಗಿದ ಮೇಲೆ ಕಾಕು ಆ ಅಚ್ಚನ್ನು ಟಿ.ವಿ. ಮೇಲೆ ಇಟ್ಟರು. ಇದು ಯಾವ ಹಣ್ಣು ಎಂದು ಬಂದವರು ಕೇಳಿದರೆ, “ಇಂಜಿನೇರಿಂಗ್ ಕಲತವರ ಮನ್ಯಾಗಷ್ಟ ಬಿಡತೈತ್ರಿ” ಎನ್ನುತ್ತಿದ್ದರು.

ಇಷ್ಟೆಲ್ಲ ಸಲೀಸಾಗಿ ನಡೆದದ್ದೇ ನನ್ನ ಭಯಕ್ಕೆ ಕಾರಣ. ಕಾಕಾನಿಗೆ ಇನ್ನೊಂದು ಚಟವಿತ್ತು: ನಡೆಯುವ ಸಾಮಾನನ್ನು ಅವರು ಬಿಚ್ಚುವವರಲ್ಲ. ಕಾರಿನ ಡಿಕ್ಕಿಯಲ್ಲಿ ಇಂಜೆಕ್ಷನ್ನಿನ ಕಾಲದ ವಿದ್ಯುತ್ ಪಂಪು ಇನ್ನೂ ಗಟ್ಟಿಯಾಗಿತ್ತು.

“ಅದನ್ನ ತಗೀರಿ ಕಾಕಾ. ಆ ಒತ್ತಡ ಕಾರ್ಬೊರೇಟರ್ ತಡಿಯೂದಿಲ್ಲ” ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

“ಓಡೂ ಸಾಮಾನ ತಗದ್ರ ಪಾಪ ಬರತೈತವ್ವಿ. ಇರಲಿ ಅದು, ಅದರ ಪಾಡಿಗೆ.”

ಪರೀಕ್ಷೆಯ ದಿನ ಬಂತು. ಕೊನೆಯ ನಟ್ಟು ಬಿಗಿದದ್ದು ಹಿಂದಿನ ರಾತ್ರಿಯಷ್ಟೇ. ಇಂಜಿನ್ನು ಕಾಲೇಜಿಗೆ ಬರುವಂತಿರಲಿಲ್ಲ, ಪರೀಕ್ಷಕರೇ ಗ್ಯಾರೇಜಿಗೆ ಬರಲು ಒಪ್ಪಿದ್ದರು. ಗೋಕಾಕ ಫಾಲ್ಸ್ ಮತ್ತು ಕರದಂಟಿನ ಪ್ರಸ್ತಾಪ ಬಂದ ಮೇಲೆ ಒಪ್ಪಿದರು ಎಂದು ನಮ್ಮ ಸರ್ ಆಮೇಲೆ ಹೇಳಿದರು. ಅವರು ಬರುವ ಮುನ್ನ ಒಮ್ಮೆ ನೋಡಿಬಿಡೋಣ ಎಂದು ಕಾಕಾ ಕೀಲಿ ತಿರುವಿದರು. ಡಿಕ್ಕಿಯ ಪಂಪು ಕುಂಯ್ ಎಂದಿತು. ಅಷ್ಟೇ. ಎರಡೂ ಕಾರ್ಬೊರೇಟರುಗಳ ಬಾಯಿಂದ ಪೆಟ್ರೋಲು ಉಕ್ಕಿ ನೆಲಕ್ಕೆ ಹರಿಯಿತು. ಗಾಡಿ ನೋಡಲು ಬಂದಿದ್ದ ಸಾಹುಕಾರರು ಧೋತರ ಎತ್ತಿಕೊಂಡು “ಪಳಾ, ಪಳಾ” ಎಂದು ಮರಾಠಿಯಲ್ಲಿ ಕೂಗುತ್ತಾ ರಸ್ತೆಯ ಆಚೆ ಬದಿಗೆ ಓಡಿದರು. ಕಾಕಾ ಕೀಲಿ ಕಿತ್ತರು.

ಕಾಕಾ ನನ್ನ ಮುಖ ನೋಡಿದರು. “ಹೆದರಬ್ಯಾಡವ್ವಿ,” ಎಂದರು, “ಆಗತೈತಿ.”

ಚಹಾ ತಂದಿದ್ದ ಕಾಕು ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟರು. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: “ಇವರ ಬಾಯಾಗ ಈ ಮಾತು ಬರಬಾರದಿತ್ತು. ನಿಮ್ಮಪ್ಪ ದವಾಖಾನ್ಯಾಗ ಇದ್ದಾಗ ಕೈ ಹಿಡಕೊಂಡು, ‘ಆರಾಮ ಆಗತೈತಿ ಅಣ್ಣಾ’ ಅಂದಿದ್ರು. ಅವತ್ತಿನಿಂದ ಒಂದು ಕೆಲಸಕ್ಕೂ ಆಗತೈತಿ ಅಂದಿಲ್ಲ.”

ಪೆಟ್ರೋಲಿನ ವಾಸನೆಯಲ್ಲಿ ನಿಂತು ನಾನು ಆ ಮಾತನ್ನು ನುಂಗಿಕೊಂಡೆ. ಅತ್ತರೆ ಪರೀಕ್ಷಕರು ತಡವಾಗಿ ಬರುತ್ತಾರೆಯೇ? ತಲೆ ಓಡಿಸಬೇಕಿತ್ತು.

“ಕಾಕಾ, ಹೊಲದಾಗಿನ ಇಂಜಿನ್ನಿನ ಎಣ್ಣಿ ಟಾಕಿ ಎಲ್ಲಿರತೈತ್ರಿ?”

“ನೆತ್ತಿ ಮ್ಯಾಲ.”

“ಅದಕ್ಕ ಯಾವ ಪಂಪ್ ಐತ್ರಿ?”

ಕಾಕಾ ಮಾಡಿನ ತೊಲೆ ನೋಡಿದರು. ತಲೆಯ ಪಟಕಾ ಬಿಚ್ಚತೊಡಗಿದರು. ನೆಲ ಒರೆಸಿ, ವಾಸನೆ ಹೋಗುವವರೆಗೆ ಬಾಗಿಲೆಲ್ಲ ತೆರೆದಿಟ್ಟೆವು. ಪಂಪಿನ ವೈರು, ನಳಿಕೆ ಎರಡೂ ಕಳಚಿ, ಪೆಟ್ರೋಲಿನ ಡಬ್ಬಿಯೊಂದನ್ನು ಕಾಕಾನ ಗುಲಾಬಿ ಪಟಕಾದಿಂದ ಮಾಡಿನ ತೊಲೆಗೆ ಕಟ್ಟಿ, ಅಲ್ಲಿಂದ ಕಾರ್ಬೊರೇಟರಿಗೆ ರಬ್ಬರ್ ನಳಿಕೆ ಇಳಿಬಿಟ್ಟೆವು.

ಪರೀಕ್ಷಕರು ಬಂದವರೇ ಮೇಲೆ ನೋಡಿದರು. “ಇದೇನಮ್ಮ?”

“ಗುರುತ್ವಾಕರ್ಷಣೆ ಸರ್.”

“ಆ ಬಟ್ಟೆ?”

“ಅದು ನಮ್ಮ ಕಾಕಾಂದು ಸರ್.”

ಕೀಲಿ ನಾನೇ ತಿರುವಿದೆ. ಇಂಜಿನ್ನು ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದೆ. ಮತ್ತೆ ಕೆಮ್ಮು. ಬರಿದಲೆಯ ಕಾಕಾ ಬೇರೊಂದು ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದು, “ಹೂಂ” ಎಂದು ಸನ್ನೆ ಮಾಡಿದರು. ಮೂರನೆಯ ಸಲ ಇಂಜಿನ್ನು ಹಿಡಿದುಕೊಂಡಿತು. ಎರಡೂ ಕಾರ್ಬೊರೇಟರುಗಳ ಉಸಿರು ಒಂದೇ ಸಮ ಕೇಳುವವರೆಗೆ ಕಾಕಾ ಒಂದರ ಸ್ಕ್ರೂ, ಇನ್ನೊಂದರ ಸ್ಕ್ರೂ ತಿರುವಿದರು. ಆಮೇಲೆ ಆ ಆರು ಸಿಲಿಂಡರಿನ ದನಿ ತಗ್ಗಿ, ಬೆಕ್ಕು ಗುರುಗುಟ್ಟಿದಂತೆ ನಿಂತಿತು. ರಸ್ತೆಯ ಆಚೆಯಿಂದ ಸಾಹುಕಾರರು ನಡೆದು ಬಂದು ಟೊಪ್ಪಿಗೆ ತೆಗೆದರು. “ದಾದಾ ಮನಿಗೆ ಬಂದಾಗ ಹಿಂಗ ಸಪ್ಪಳ ಆಗ್ತಿತ್ತು,” ಎಂದರು.

ಪರೀಕ್ಷಕರು ಕೇಳಿದ್ದಕ್ಕೆಲ್ಲ ನಾನು ಉತ್ತರಿಸಿದೆ. ಅಷ್ಟು ಹೊತ್ತೂ ಕಾಕಾ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು.

ಪದವಿ ಪ್ರಮಾಣಪತ್ರ ಬಂದ ದಿನ ಅದನ್ನು ಮನೆಗೆ ಒಯ್ಯದೆ ಮೊದಲು ಗ್ಯಾರೇಜಿಗೇ ಒಯ್ದೆ. ಕಾಕಾ ಮುಟ್ಟಲಿಲ್ಲ. ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದರು, ಉಗುರಿನ ಸಂದಿಯ ಗ್ರೀಸು ನೋಡಿ ಮತ್ತೊಮ್ಮೆ ತೊಳೆದರು. ಎರಡೂ ಕೈಯಿಂದ ಹಿಡಿದು ಬೆಳಕಿಗೆ ಒಯ್ದರು. ನಮ್ಮ ಕಡೆ ಹೆಸರಿನ ನಡುವೆ ಅಪ್ಪನ ಹೆಸರಿರುತ್ತದೆ. ಕಾಕಾ ನನ್ನ ಹೆಸರನ್ನು ದಾಟಿ ಅದರ ಮುಂದಿನ ಹೆಸರಿನ ಕೆಳಗೆ ಬೆರಳಿಟ್ಟರು.

“ದವಾಖಾನ್ಯಾಗ ಅಣ್ಣಗ ಎರಡು ಮಾತು ಹೇಳಿದ್ದೆ ಅವ್ವಿ,” ಎಂದರು. “‘ಆರಾಮ ಆಗತೈತಿ’ ಅಂದಿದ್ದೆ. ‘ಹುಡುಗೀದು ಸಾಲಿ ಕಲಿಯೂದು ಆಗತೈತಿ’ ಅಂದಿದ್ದೆ. ಒಂದಾದ್ರೂ ಖರೆ ಆತು.”