ಆನೆ ಒರಗಿದ ವ್ಯಾನು

ಶಿವಕುಮಾರನ ಮನೆಯಲ್ಲಿ ಗಲಾಟೆ ಎದ್ದಿದ್ದು ಒಂದೇ ಒಂದು ತಿಗಣೆಯಿಂದ. ಕೊಳ್ಳೇಗಾಲದ ಲಾಡ್ಜಿನಿಂದ ಅವನ ಬಟ್ಟೆ ಚೀಲದಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿ ಮೈಸೂರಿನ ವಿಜಯನಗರಕ್ಕೆ ಬಂದಿಳಿದ ಅದು, ಶನಿವಾರ ಸಂಜೆ ಹೆಂಡತಿ ಗಿರಿಜಾಂಬಾ ಆಗಷ್ಟೇ ಹೊಲಿದು ಮುಗಿಸಿದ್ದ ರೇಷ್ಮೆ ರವಿಕೆಯ ಮೇಲೆ ಪುರಸಭೆ ಮೆಂಬರಿನಂತೆ ಗತ್ತಿನಿಂದ ನಡೆದುಹೋಯಿತು. ರವಿಕೆ ತೆಗೆದುಕೊಂಡು ಹೋಗಲು ಬಂದವರು ಎದುರಿಗೇ ಕೂತಿದ್ದರು.

“ಇನ್ನೊಂದ್ಸಲ ಲಾಡ್ಜಿಂದ ಬಂದ್ರೆ ನೀವೂ ನಿಮ್ಮ ಚೀಲಾನೂ ಹಿತ್ತಲಲ್ಲೇ ಇರಿ,” ಎಂದಳು ಗಿರಿಜಾಂಬಾ, ಅವರು ಹೋದ ಮೇಲೆ.

ಶಿವಕುಮಾರ ಹೊಲಿಗೆ ಯಂತ್ರದ ಕಂಪನಿಯೊಂದರಲ್ಲಿ ಮೆಕ್ಯಾನಿಕ್. ತಿಂಗಳಿಗೆ ಇಪ್ಪತ್ತೆರಡು ದಿನ ಗುಂಡ್ಲುಪೇಟೆ, ಚಾಮರಾಜನಗರ, ಹೆಗ್ಗಡದೇವನಕೋಟೆ ಎಂದು ಊರೂರು ಸುತ್ತಿ ಯಂತ್ರ ರಿಪೇರಿ ಮಾಡುವುದು ಅವನ ಕೆಲಸ. ಆ ಕಡೆಯ ಲಾಡ್ಜುಗಳ ತಿಗಣೆಗಳಿಗೆಲ್ಲ ಅವನು ಹತ್ತು ವರ್ಷದ ಖಾಯಂ ಗಿರಾಕಿ. ಮಲಗಲು ಮಂಚ, ಬೇಯಿಸಲು ಒಲೆ ಇರುವ ಹಳೇ ವ್ಯಾನೊಂದನ್ನು ಕೊಂಡುಬಿಟ್ಟರೆ ಹೇಗೆ ಎಂದು ಆರು ತಿಂಗಳಿಂದ ಯೋಚಿಸುತ್ತಿದ್ದ. ಮೇಟಗಳ್ಳಿಯ ಸುಂದರೇಶನ ಗ್ಯಾರೇಜಿನಲ್ಲಿ ಅಂಥದೊಂದು ಮಾರಾಟಕ್ಕಿತ್ತು. ಕಾಡಿನಲ್ಲಿ ಆನೆಗಳನ್ನು ಅಧ್ಯಯನ ಮಾಡುತ್ತಿದ್ದ ಪ್ರೊಫೆಸರೊಬ್ಬರು ಅದನ್ನು ಮನೆಯಂತೆ ಕಟ್ಟಿಸಿಕೊಂಡಿದ್ದರಂತೆ. ಈಗ ಅವರಿಗೆ ಮಂಡಿನೋವು.

ತೊಂದರೆ ಒಂದೇ. ಭಾನುವಾರ ಕಂಪನಿಯಲ್ಲಿ ಮೀಟಿಂಗು. ಸೋಮವಾರ ಬೆಳಿಗ್ಗೆ ಮತ್ತೆ ಟೂರು. ಹಾಗಾಗಿ ಭಾನುವಾರ ಬೆಳಿಗ್ಗೆ ಎದ್ದವನೇ ಬೀದಿ ತುದಿಯ ಎಸ್‌ಟಿಡಿ ಬೂತಿಗೆ ಹೋಗಿ, ಮ್ಯಾನೇಜರ್ ಮಹದೇವಪ್ಪನವರಿಗೆ ಫೋನ್ ಮಾಡಿ, ಮೂಗು ಹಿಡಿದುಕೊಂಡು, ಜ್ವರ ಬಂದಿದೆ ಎಂದ. ಹೊರಗೆ ತಿರುಗಿದರೆ ಪಕ್ಕದ ಮನೆಯ ನಂಜುಂಡಯ್ಯ ನಿಂತಿದ್ದರು.

“ಜ್ವರ ಬಂದೋರು ಮೂಗು ಹಿಡ್ಕಳಲ್ಲ. ಎಲ್ಲಿಗೆ ಹೊರಟ್ರಿ?” ಎಂದರು.

ನಂಜುಂಡಯ್ಯ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಬಡಾವಣೆಯವರ ಸಂಸಾರಗಳನ್ನು ಓಡಿಸುತ್ತಿದ್ದರು. ವಿಷಯ ಕೇಳಿದ್ದೇ ತಡ, “ಹಳೇ ಗಾಡಿ ನೋಡಕ್ಕೆ ಒಬ್ಬರೇ ಹೋಗ್ಬಾರ್ದು, ನಡೀರಿ,” ಎಂದು ಶಿವಕುಮಾರನ ಸ್ಕೂಟರಿನ ಹಿಂದೆ ಕೂತೇಬಿಟ್ಟರು.

ಗ್ಯಾರೇಜಿನ ಮೂಲೆಯಲ್ಲಿ ಹಸಿರು ಬಣ್ಣದ ವ್ಯಾನು ನಿಂತಿತ್ತು. ಒಳಗೆ ಮೇಲೊಂದು ಕೆಳಗೊಂದು ಎರಡು ಮಂಚ, ಪುಟ್ಟ ಗ್ಯಾಸ್ ಒಲೆ, ನೀರಿನ ಟ್ಯಾಂಕು, ಗೋಡೆಗೆ ಮಡಚಿಡುವ ಮೇಜು. ಶಿವಕುಮಾರನಿಗೆ ಕಣ್ಣು ತುಂಬಿ ಬಂತು. ಎಡ ಪಕ್ಕದಲ್ಲಿ ಮಾತ್ರ ಒಂದು ದೊಡ್ಡ ತಗ್ಗು. ಅದರೊಳಗೊಂದು ಹಂಡೆ ಇಡಬಹುದಿತ್ತು.

“ಇದೇನಪ್ಪ?” ಎಂದ.

“ಆನೆ ಒರಗಿದ್ದು ಸಾರ್,” ಎಂದ ಸುಂದರೇಶ. “ಬೆನ್ನು ಕೆರ್ಕೊಂಡು ಹೋಗಿದೆ. ಆದ್ರೂ ಗಾಡಿ ಉರುಳಿಲ್ಲ. ಇದಕ್ಕಿಂತ ಗ್ಯಾರಂಟಿ ಯಾವ ಕಂಪನಿ ಕೊಡುತ್ತೆ ಹೇಳಿ.”

ನಂಜುಂಡಯ್ಯ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟರು. “ಬಿಸಿ ಇದೆ. ನಾವು ಬರೋಕೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದೀಯ.”

“ಬಿಸಿಲು ಸಾರ್.”

“ಗಾಡಿ ನೆರಳಲ್ಲಿದೆ ಕಣಪ್ಪ.”

ಎಂಜಿನ್ ತಣ್ಣಗಿದ್ದಾಗಲೂ ಸ್ಟಾರ್ಟ್ ಆಗುತ್ತದೆಯೇ ನೋಡಬೇಕೆಂದು ಮುಕ್ಕಾಲು ಗಂಟೆ ಕಾದರು. ಆಮೇಲೆ ಕೀ ತಿರುಗಿಸಿದರೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಂಜುಂಡಯ್ಯನವರಿಗೆ ಸ್ವಲ್ಪ ನಿರಾಶೆಯಾದಂತಿತ್ತು. ಕೆಳಗೆ ಪೇಪರು ಹಾಸಿ ಆಯಿಲ್ ತೊಟ್ಟಿಕ್ಕುತ್ತದೆಯೇ ನೋಡಿದರು. ಇಲ್ಲ. ಟೈರು ಒದ್ದರು. ಹೆಬ್ಬೆರಳಿಗೆ ನೋವಾಯಿತು, ಟೈರಿಗೆ ಏನೂ ಆಗಲಿಲ್ಲ. ಕೊನೆಗೆ, “ಮಳೆ ಬಂದ್ರೆ ಸೋರುತ್ತಾ ನೋಡ್ಬೇಕು. ನೀವು ಒಳಗೆ ಮಲಕ್ಕಳಿ,” ಎಂದು ಶಿವಕುಮಾರನನ್ನು ಮೇಲಿನ ಮಂಚಕ್ಕೆ ಹತ್ತಿಸಿ, ಸುಂದರೇಶನಿಂದ ಛಾವಣಿಯ ಮೇಲೆ ಆರು ಬಕೆಟ್ ನೀರು ಸುರಿಸಿದರು. ಐದು ಬಕೆಟ್ಟಿನವರೆಗೂ ಒಂದು ಹನಿ ಇಳಿಯಲಿಲ್ಲ. ಆರನೆಯದು ಪೂರ್ತಿಯಾಗಿ ಒಳಗೇ ಬಂತು. ಅದನ್ನು ಸುರಿದ ಕಡೆ, ಗಾಳಿಗೆಂದು ಛಾವಣಿಯಲ್ಲಿ ತೆರೆದಿಟ್ಟ ಕಿಂಡಿಯನ್ನು ಯಾರೂ ಮುಚ್ಚಿರಲಿಲ್ಲ.

ಒದ್ದೆ ಕೋಳಿಯಂತಾದ ಶಿವಕುಮಾರನನ್ನು ಒಣಗಿಸಿದಂತೆಯೂ, ಗಾಡಿಯನ್ನು ಓಡಿಸಿ ನೋಡಿದಂತೆಯೂ ಆಗುತ್ತದೆ ಎಂದು ನಂಜುಂಡಯ್ಯ ಸ್ಟೀರಿಂಗ್ ಹಿಡಿದು ವಿಜಯನಗರಕ್ಕೆ ಬಂದರು. ಸುಂದರೇಶನೂ ಜೊತೆಗೆ ಬಂದ. ಬೀದಿಯಲ್ಲಿ ವ್ಯಾನು ನಿಂತ ಐದೇ ನಿಮಿಷಕ್ಕೆ ಅಕ್ಕಪಕ್ಕದವರೆಲ್ಲ ಒಬ್ಬೊಬ್ಬರಾಗಿ ಹತ್ತಿ ಇಳಿದರು. ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿದರು, ಒಲೆ ಹಚ್ಚಿ ನೋಡಿದರು. ಒಬ್ಬ ತಾತ ಕೆಳಗಿನ ಮಂಚದಲ್ಲಿ ಮಲಗಿ ನೋಡಿದವರು ಏಳಲೇ ಇಲ್ಲ. ಅವರ ಸೊಸೆ ಬಂದು ಎಬ್ಬಿಸಿಕೊಂಡು ಹೋಗಬೇಕಾಯಿತು.

ಗಿರಿಜಾಂಬಾ ಸೆರಗು ಸಿಕ್ಕಿಸಿಕೊಂಡು ಮೂಲೆ ಮೂಲೆಗೂ ಮೂಗು ತೂರಿಸಿ ಪರೀಕ್ಷೆ ಮಾಡಿದಳು.

“ಈ ಮೇಜು ಮೆಷಿನ್ನಿನ ಭಾರ ತಡಿಯುತ್ತಾ? ರಿಪೇರಿ ಎಲ್ಲಿಟ್ಕೊಂಡು ಮಾಡ್ತೀರಿ?” ಎಂದು ಕೇಳಿದಳು.

ಅದು ಯಾರಿಗೂ ಹೊಳೆದಿರಲಿಲ್ಲ. ಅವಳೇ ತನ್ನ ಕೈಮೆಷಿನ್ನನ್ನು ತಂದು ಮೇಜಿನ ಮೇಲಿಟ್ಟಳು. “ನಿಂತಿರೋವಾಗ ತಡಿಯೋದು ಬೇರೆ, ಓಡೋವಾಗ ಬೇರೆ. ಒಂದು ರೌಂಡ್ ಹೋಗ್ಬರೋಣ.” ನಂಜುಂಡಯ್ಯನವರ ಹೆಂಡತಿ ಮಂಗಳಮ್ಮ ಚಿತ್ರಾನ್ನದ ಡಬ್ಬಿ ಸಮೇತ ಹತ್ತಿ ಕೂತರು.

ಪಕ್ಕದ ಹಳ್ಳಿ ಹಿನಕಲ್ಲಿನ ಮಣ್ಣುರಸ್ತೆಯಲ್ಲಿ ಬ್ರೇಕು ನೋಡಿದರು. ಚೆನ್ನಾಗಿತ್ತು. ಮೇಜು ಅಲುಗಲಿಲ್ಲ. ಅರಳಿಕಟ್ಟೆ ಹತ್ತಿರ ನಿಲ್ಲಿಸಿ, “ಇನ್ನೊಂದೇ ಬಾಕಿ. ಇದರಲ್ಲಿ ನಿದ್ದೆ ಬರುತ್ತಾ ಅಂತ,” ಎಂದು ನಂಜುಂಡಯ್ಯ ಮನೆಯಿಂದ ತಂದಿದ್ದ ಕಂಬಳಿ ಕೊಟ್ಟು ಶಿವಕುಮಾರನನ್ನು ಮತ್ತೆ ಮೇಲಿನ ಮಂಚಕ್ಕೆ ಹತ್ತಿಸಿದರು. ಅದೆಂಥ ನಿದ್ದೆ. ಹತ್ತು ವರ್ಷದ ಲಾಡ್ಜುಗಳ ಬಾಕಿಯೆಲ್ಲ ಒಮ್ಮೆಗೇ ತೀರಿಸುವಂಥದ್ದು.

ಅವನಿಗೆ ಎಚ್ಚರವಾದಾಗ ವ್ಯಾನಿನ ಸುತ್ತ ಹೆಂಗಸರ ಜಾತ್ರೆ. ಭಾನುವಾರ ವ್ಯಾನು ಬಂದಿದೆಯೆಂದರೆ ಪೋಲಿಯೋ ಹನಿಯೇ ಇರಬೇಕೆಂದು ಊರಿನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಹನಿ ಇಲ್ಲವೆಂದು ಗೊತ್ತಾದ ಮೇಲೂ ಹೋಗಲಿಲ್ಲ. ಒಂದು ಮಗುವಿನ ಹರಿದ ಅಂಗಿಯನ್ನು ಗಿರಿಜಾಂಬಾ ಅಲ್ಲೇ ಹೊಲಿದುಕೊಟ್ಟಿದ್ದಳು. ಅದನ್ನು ನೋಡಿ ಇನ್ನೊಬ್ಬಳು ಲಂಗ ತಂದಳು, ಮತ್ತೊಬ್ಬಳು ರವಿಕೆ ತಂದಳು.

“ಅಕ್ಕ, ಅಂಗೇ ನಮ್ಗೂ ಕಲಿಸ್ಕೊಡಿ. ಕಲಿಯಕ್ಕೆ ಮೈಸೂರಿಗೋಗು ಅಂದ್ರೆ ಮನೇಲಿ ಬುಡಲ್ಲ. ನೀವೇ ಬಂದ್ರೆ ಯಾರೂ ಏನೂ ಅನ್ನಲ್ಲ,” ಎನ್ನುತ್ತಿದ್ದಳು ಒಬ್ಬ ಹುಡುಗಿ. ಮಂಗಳಮ್ಮ ಹಳೇ ಕ್ಯಾಲೆಂಡರಿನ ಹಿಂದೆ ಕಲಿಯುವವರ ಹೆಸರು ಬರೆದುಕೊಳ್ಳುತ್ತಿದ್ದರು.

ಶಿವಕುಮಾರ ಕಿಟಕಿಯಿಂದ ಈ ಸೋಜಿಗ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಕಲ್ಲಾದ. ಗುಂಪನ್ನು ಸರಿಸಿಕೊಂಡು, ಕೊಡೆ ಹಿಡಿದು ಬರುತ್ತಿದ್ದವರು ಮ್ಯಾನೇಜರ್ ಮಹದೇವಪ್ಪ. ಹಿನಕಲ್ಲಿನಲ್ಲಿ ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಮೀಟಿಂಗ್ ಮುಗಿಸಿ ಕೆಲಸ ನೋಡಲು ಬಂದಿದ್ದರು. ಶಿವಕುಮಾರ ಕಂಬಳಿ ಎಳೆದುಕೊಂಡು ಹೆಣದಂತೆ ಬಿದ್ದುಕೊಂಡ.

“ಯಾರದಮ್ಮ ಈ ವ್ಯಾನು?” ಎಂದರು ಮಹದೇವಪ್ಪ, ಒಳಗೆ ಇಣುಕಿ.

“ನಮ್ಮನೆಯವ್ರು ತಗೊಳೋದು ಸಾರ್. ಶಿವಕುಮಾರ್ ಅಂತ, ಹೊಲಿಗೆ ಮೆಷಿನ್ ಕಂಪನಿಲಿದಾರೆ,” ಎಂದಳು ಗಿರಿಜಾಂಬಾ. ಗಂಡನಿಗೆ ಜ್ವರ ಬಂದಿರುವ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. “ಮೇಲೆ ಮಲಗಿದಾರೆ ನೋಡಿ.”

ಮಹದೇವಪ್ಪ ಕಂಬಳಿಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿದರು. ಒಳಗೆ ಶಿವಕುಮಾರನ ಎರಡು ಕಣ್ಣುಗಳಿದ್ದವು. ಅವನು ನಡುಗುತ್ತಿದ್ದುದು ನಿಜ.

ಬಾಗಿಲಲ್ಲಿ ನಿಂತಿದ್ದ ನಂಜುಂಡಯ್ಯ ಕೂಡಲೇ ಬಾಯಿ ಹಾಕಿದರು. “ಭಾರೀ ಜ್ವರ ಸಾರ್. ಮೂವತ್ತು ವರ್ಷ ಬಸ್ ಡ್ರೈವರ್ ಆಗಿದ್ದೆ, ಇಂಥ ಜ್ವರ ನೋಡಿಲ್ಲ. ಮನೇಲಿ ಮಲಗಿ ಅಂದ್ರೆ ಕೇಳಲಿಲ್ಲ. ಕಂಪನಿ ಕೆಲ್ಸ, ಕಂಪನಿ ಕೆಲ್ಸ ಅಂತ ಮಂಚದ ಸಮೇತ ಬಂದ್ಬುಟ್ರು.”

ಮಹದೇವಪ್ಪ ಒಮ್ಮೆ ಕ್ಯಾಲೆಂಡರಿನ ಹಿಂದಿನ ಹೆಸರುಗಳನ್ನು ನೋಡಿದರು, ಒಮ್ಮೆ ಸಾಲಿನಲ್ಲಿ ನಿಂತ ಹೆಂಗಸರನ್ನು ನೋಡಿದರು. ಗಿರಿಜಾಂಬಾ ಆಗ ಒಬ್ಬ ಹುಡುಗಿಯ ಕೈ ಹಿಡಿದು ಸೂಜಿಗೆ ದಾರ ಪೋಣಿಸುವುದನ್ನು ಹೇಳಿಕೊಡುತ್ತಿದ್ದಳು. ಮ್ಯಾನೇಜರರು ಕೆಳಗಿನ ಮಂಚದ ಮೇಲೆ ಕೂತು ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

“ಶಿವಕುಮಾರ್, ಮೂರು ವರ್ಷದಿಂದ ಹಳ್ಳಿ ಹೆಣ್ಮಕ್ಕಳಿಗೆ ಮೆಷಿನ್ ಮಾರೋದು ಹೆಂಗೆ ಅಂತ ಮೀಟಿಂಗ್ ಮಾಡ್ತಾ ಇದೀವಿ. ಇವತ್ತೂ ಮೂರು ಗಂಟೆ ಮಾತಾಡಿದ್ವಿ. ನೀವು ಜ್ವರದಲ್ಲಿ ಮಾಡಿ ತೋರಿಸ್ಬುಟ್ರಿ. ಈ ವ್ಯಾನನ್ನ ಕಂಪನೀನೇ ತಗೊಳುತ್ತೆ. ಸಂಚಾರಿ ಹೊಲಿಗೆ ಶಾಲೆ. ಅಮ್ಮ, ನೀವೇ ಟೀಚರು. ಸಂಬಳ ಕೊಡ್ತೀವಿ.”

ಗಿರಿಜಾಂಬಾಳ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. “ಯೋಚನೆ ಮಾಡೋದೇನಿದೆ ಸಾರ್, ಬರ್ತೀನಿ,” ಎಂದಳು. ಸುಂದರೇಶ ಆಗಲೇ ಕಂಪನಿಯ ವಿಳಾಸ ಕೇಳಿ ಬರೆದುಕೊಳ್ಳುತ್ತಿದ್ದ.

ಶಿವಕುಮಾರನಿಗೆ ಜ್ವರ ಥಟ್ಟನೆ ಬಿಟ್ಟಿತು. ಎದ್ದು ಕೂತ. ಟೂರಿನಲ್ಲಿ ಜೊತೆಗೆ ಗಿರಿಜಾ, ಮಧ್ಯಾಹ್ನಕ್ಕೆ ಬಿಸಿಯೂಟ, ಮಲಗಲು ಈ ಮಂಚ. ಇದಕ್ಕಿಂತ ಇನ್ನೇನು ಬೇಕು? “ಬಹಳ ಉಪಕಾರ ಆಯ್ತು ಸಾರ್. ಹಂಗಾದ್ರೆ ನಾವಿಬ್ರೂ ನಾಳೆಯಿಂದಾನೇ ಇದರಲ್ಲಿ...”

“ನೀವೆಲ್ಲಿ ಇದರಲ್ಲಿ?” ಎಂದರು ಮಹದೇವಪ್ಪ. “ಹೆಣ್ಮಕ್ಕಳು ಕಲಿಯಕ್ಕೆ ಬರೋ ಗಾಡಿ. ಒಳಗೆ ಗಂಡಸ್ರು ಮಲಗಿದ್ರೆ ಯಾವ ತಾಯಿ ಮಗಳನ್ನ ಕಳಿಸ್ತಾಳೆ? ಎರಡು ಮಂಚ ಇದೆ. ಟೀಚರ್ ಒಬ್ರು, ಅವರ ಜೊತೆಗೆ ಈ ತಾಯಿ ಒಬ್ರು.” ಮಂಗಳಮ್ಮ ಕ್ಯಾಲೆಂಡರನ್ನು ಎದೆಗವಚಿಕೊಂಡು ತಲೆಯಾಡಿಸಿದರು. “ಗಾಡಿ ಓಡಿಸೋಕೆ ಈ ಯಜಮಾನ್ರು ಇದಾರಲ್ಲ, ಬಸ್ ಡ್ರೈವರ್ ಅಂದ್ರಿ. ನೀವು ಯಥಾಪ್ರಕಾರ ರಿಪೇರಿಗೆ ಹೋಗಿ. ನೀವೂ ಡ್ರೈವರೂ ಲಾಡ್ಜಲ್ಲಿ ಒಂದೇ ರೂಮಲ್ಲಿ ಇದ್ಬುಡಿ, ಕಂಪನಿಗೂ ಅನುಕೂಲ.”

ಶಿವಕುಮಾರ ಹೆಂಡತಿಯ ಮುಖ ನೋಡಿದ. ಅವಳು ಮೇಜಿನ ಕಾಲು ಗಟ್ಟಿಯಾಗಿದೆಯೇ ಎಂದು ಅಲುಗಿಸಿ ನೋಡುತ್ತಿದ್ದಳು. “ಊಟಕ್ಕೆ ಮಾತ್ರ ಗಾಡಿ ಹತ್ರ ಬನ್ನಿ ರೀ, ಬಡಿಸ್ತೀನಿ,” ಎಂದಳು.

ನಂಜುಂಡಯ್ಯ ಮತ್ತೆ ಸ್ಟೀರಿಂಗ್ ಸಿಕ್ಕಿದ ಸಂತೋಷಕ್ಕೆ ಹೋಗಿ ಟೈರು ಒದೆಯತೊಡಗಿದರು. ಮಂಗಳಮ್ಮ ಮಾತ್ರ ಮಂಚದ ಹತ್ತಿರ ಬಂದು, ಶಿವಕುಮಾರನ ಕೈಗೆ ಒಂದು ತಟ್ಟೆ ಚಿತ್ರಾನ್ನ ಕೊಟ್ಟು, ಅಕ್ಕರೆಯಿಂದ ಮೆಲ್ಲಗೆ ಹೇಳಿದರು:

“ಕಿವಿಗೆ ಹತ್ತಿ ಇಟ್ಕಳಪ್ಪ. ಇವರ ಗೊರಕೆ ಅಭ್ಯಾಸ ಆಗೋಕೆ ನನಗೇ ಹದಿನೈದು ವರ್ಷ ಬೇಕಾಯ್ತು.”