ಹರಾಜಿನಲ್ಲೊಬ್ಬ ಸ್ಥಿತಪ್ರಜ್ಞ

ನನ್ನ ಕಾಲುಗಳ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ದೂರು ಇದ್ದದ್ದು ಕಲಾವತಿಗೆ. ಮಲಗಿದೊಡನೆ ನನ್ನ ಮೀನಖಂಡದೊಳಗೆ ಇರುವೆಗಳ ಮೆರವಣಿಗೆ ಹೊರಡುತ್ತದೆ. ಕಾಲು ಆಡಿಸಿದರೆ ಮಾತ್ರ ಚದುರುತ್ತದೆ. ಇದು ನನ್ನ ವರ್ಣನೆ. ಅವಳ ವರ್ಣನೆ ಒಂದೇ ಶಬ್ದದ್ದು: ಒದೆತ. ಮದುವೆಯಾದಂದಿನಿಂದ ಸಹಿಸಿದವಳು ಈ ಬೇಸಿಗೆಯಲ್ಲಿ ಬ್ಯಾಗು ತುಂಬಿದಳು.

"ನಿಮ್ಮ ಕಾಲು ಸುಮ್ನಾದ ದಿನ ಫೋನ್ ಮಾಡಿ, ಬರ್ತೆ," ಎಂದು ಅಂಕೋಲೆಯ ತವರಿಗೆ ಹೋದಳು.

ಹಾಸಿಗೆಯ ಅವಳ ಬದಿ ನೀರಿಳಿದ ಮರಳಿನಂತೆ ತಣ್ಣಗೆ, ಒಂದು ಹೆಜ್ಜೆ ಗುರುತೂ ಇಲ್ಲದೆ ಬಿದ್ದಿತ್ತು. ಇಡೀ ಮಂಚ ನನ್ನದೇ ಸಾಮ್ರಾಜ್ಯ. ಒದೆಯಲು ಪ್ರಜೆಗಳಿಲ್ಲ.

ಡಾಕ್ಟರ್ ವಿಜೇತಾ ರಕ್ತ ಪರೀಕ್ಷೆ ಮಾಡಿಸಿ ಒಂದು ಪುಟಾಣಿ ಮಾತ್ರೆ ಬರೆದರು. "ಸಂಜೆ ಒಂದೇ. ಕೂತಲ್ಲೇ ನಿದ್ದೆ ಬರಬಹುದು, ಸ್ಕೂಟರ್ ಮುಟ್ಟಬೇಡಿ. ನೀವಾಗಿಯೇ ಹೆಚ್ಚು ತಗೊಳ್ಳಬೇಡಿ."

"ಅಡ್ಡ ಪರಿಣಾಮವೆಲ್ಲ ಮನಸ್ಸು ದುರ್ಬಲ ಇದ್ದವರಿಗೆ ಡಾಕ್ಟರೇ," ಎಂದೆ. ಅವರು ನನ್ನನ್ನು ನೋಡದೆ ಪೆನ್ನಿನ ಮುಚ್ಚಳ ಹಾಕಿದರು. (ಮೆಚ್ಚಿಗೆ ಎಂದುಕೊಂಡೆ.)

ವಾರದೊಳಗೆ ಇರುವೆಗಳು ಊರು ಬಿಟ್ಟವು. ಕಲಾವತಿಗೆ ಫೋನ್ ಮಾಡಿ ಸಂಜೆಯ ಮಾತ್ರೆಯ ಮಹಿಮೆ ವರ್ಣಿಸಿದೆ. "ಭಾನುವಾರ ಬರ್ತೇನೆ. ಊಟಕ್ಕೆ ಇಸೋಣ ಮೀನು ನನ್ನದು. ಉಂಡು ಇಬ್ಬರೂ ಒಟ್ಟಿಗೇ ಹೊರಡೋಣ."

"ಮೀನು ಹಾಗಿರ್ಲಿ. ಊಟಕ್ಕೆ ಕೂತು ಏಳೂ ತನಕ ಕಾಲು ಅಲ್ಲಾಡೂಕಾಗ. ಅಲ್ಲಾಡ್ತೋ, ನಾ ಬರೂದಿಲ್ಲ."

ಇಂಥ ಅಗ್ನಿಪರೀಕ್ಷೆಗೆ ಹಿಂದಿನ ಸಂಜೆಯ ಮಾತ್ರೆಯನ್ನೇ ನಂಬಿ ಕೂರುವುದು ವಿವೇಕವಲ್ಲ. ಭಾನುವಾರ ಬೆಳಿಗ್ಗೆ ಚಹದೊಡನೆ ಇನ್ನೊಂದು ನುಂಗಿ ನಮ್ಮ ಕಾರವಾರದ ಬೈತಖೋಲ ಬಂದರಿಗೆ ರಿಕ್ಷಾ ಹತ್ತಿದೆ. ಪೇಟೆಯ ಮೀನು ಯಾರಾದರೂ ತರುತ್ತಾರೆ. ನಾನು ಹೆಂಡತಿಯನ್ನು ಮರಳಿ ಗೆಲ್ಲಲು ಹೊರಟವನು. ದೋಣಿಯಿಂದ ಇಳಿದದ್ದೇ ಬೇಕು.

ಬಂದರಿನಲ್ಲಿ ಹರಾಜು ನಡೆದಿತ್ತು. ಮಾದು ಎಂಬಾತ ರಾಶಿಗಳ ನಡುವೆ ನಿಂತು ಬೆಲೆ ಕೂಗುತ್ತಿದ್ದ. ಕೊಳ್ಳುವವರು ಬಾಯಿ ತೆರೆಯದೆ ಗಲ್ಲ ತಗ್ಗಿಸಿ ತಲೆ ಹಾಕುತ್ತಿದ್ದರು; ತಲೆ ಹಾಕಿದರೆ ಬೆಲೆ ಒಪ್ಪಿದಂತೆ. ಇಸೋಣದ ಸರದಿ ಕೊನೆಗಂತೆ. ಮಗುಚಿಟ್ಟ ಬುಟ್ಟಿಯ ಮೇಲೆ ಕೂತೆ. ಎಳೆಬಿಸಿಲು, ದೂರದ ಬೋಟಿನ ಜೋಗುಳದಂಥ ದುಡುದುಡು, ಮೊಣಕಾಲ ಕೆಳಗೆ ಜೀವಮಾನದಲ್ಲೇ ಕಾಣದ ಶಾಂತಿ. ಆ ಶಾಂತಿ ಕಾಲಿನಿಂದ ಮೇಲೇರಿ ತಲೆಗೂ ಬಂತೆಂಬುದಷ್ಟೇ ನೆನಪು.

"ಸಾಹೇಬ್ರೆ, ಎತ್ತಿಸ್ಕಳಿ. ಇದಷ್ಟೂ ನಿಮ್ದೇ."

ಕಣ್ಣು ಬಿಟ್ಟೆ. ಎದುರಿಗೆ ತಾರ್ಲೆ ಮೀನು. ಬೆರಳುದ್ದದ, ಮುಳ್ಳೇ ಮೈಯಾದ ತಾರ್ಲೆ, ಗುಡ್ಡದಷ್ಟು.

"ನಾನು ಬಾಯಿ ಬಿಟ್ಟೇ ಇಲ್ವಲ್ಲ?"

"ಬಾಯಿ ಇಲ್ಲಿ ಯಾರು ಬಿಡ್ತ್ರು? ನೀವು ತಲೆ ಹಾಕ್ತಾನೇ ಇದ್ರಿ, ಕಣ್ಣೂ ತೆರೀದೆ. ಇಂಥಾ ಗಟ್ಟಿ ಗಿರಾಕಿ ಎದ್ರಿಗೆ ನಮ್ಗೆಂತಕ್ಕೆ ಅಂತ ಉಳ್ದವ್ರು ಕೈ ಬಿಟ್ರು," ಎಂದ ಮಾದು, ಭಕ್ತಿಯಿಂದ.

ಬೇಡ ಎನ್ನಬಹುದಿತ್ತು. ಆದರೆ ಸುತ್ತ ನಿಂತವರ ಮುಖದಲ್ಲಿದ್ದ ಗೌರವವನ್ನು ನಾನು ನನ್ನ ಕಚೇರಿಯಲ್ಲಿ ಒಂದು ದಿನವೂ ಕಂಡವನಲ್ಲ. "ಹ್ಞಾಂ, ಟೆಂಪೋಕ್ಕೆ ಹಾಕಿಸಿ," ಎಂದೆ. ಸಗಟು ವ್ಯಾಪಾರಿಯ ಗತ್ತಿನಲ್ಲೇ ಎಂದೆ.

ಅಂಕೋಲೆಯಲ್ಲಿ ಕಲಾವತಿಯ ಅಣ್ಣ ಬೊಮ್ಮಯ್ಯ ಅಂಗಳದಲ್ಲಿ ಶೇಂಗಾ ಹರವುತ್ತಿದ್ದ. ಟೆಂಪೋ ನೋಡಿ ಎದ್ದು ನಿಂತ. "ಭಾವ, ಇದೆಂತದು? ಮೀನಿಂದು ದಿಬ್ಬಣವಾ?"

"ಮಳೆಗಾಲಕ್ಕೆ ಒಣಮೀನು ಬೇಡ್ವಾ? ಮುಂದಾಲೋಚನೆ," ಎಂದೆ.

ಕಲಾವತಿ ಜಗುಲಿಯಿಂದ ಟೆಂಪೋವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಇಸೋಣ ಎಲ್ಲಿ?"

"ಇಸೋಣ ಯಾರು ಬೇಕಾದರೂ ತರುತ್ತಾರೆ."

ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಒಳಗೆ ಹೋದಳು. ತುಟಿಯ ಕೊನೆಯಲ್ಲಿ ನಗೆ ಇತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ.

ಊಟಕ್ಕೆ ಬೇಕೆಂದೇ ನೆಲದ ಮೇಲೆ ಮಣೆ ಹಾಕಿದಳು. ಚಕ್ಕಳಮಕ್ಕಳ ಹಾಕಿ ಕೂತೆ. ಎದುರಿಗೆ ಬೊಮ್ಮಯ್ಯ, ಅವಳು ಬಡಿಸುತ್ತ ನನ್ನ ಕಾಲ ಹೆಬ್ಬೆರಳನ್ನೇ ಕಾಯುತ್ತಿದ್ದಳು. ತಾರ್ಲೆಯ ಹುಳಿ ಬಂತು, ಹುರಿದ ತಾರ್ಲೆ ಬಂತು. ನನ್ನ ಕಾಲುಗಳು ದೇವಸ್ಥಾನದ ಕಂಬಗಳಂತಿದ್ದವು. ಗೆದ್ದೆ. ಗೆದ್ದ ಆ ನೆಮ್ಮದಿಯಲ್ಲಿ, ಕುಚ್ಚಲಕ್ಕಿ ಅನ್ನದ ಬಿಸಿ ಹಬೆಯಲ್ಲಿ, ಎಲ್ಲೋ ಬೋಟಿನ ದುಡುದುಡು ಕೇಳಿಸಿತು.

ಎಚ್ಚರಾದಾಗ ಬೊಮ್ಮಯ್ಯ ತೊಡೆ ತಟ್ಟಿ ನಗುತ್ತಿದ್ದ.

"ಏನಾಯ್ತು? ಕಾಲು ಅಲ್ಲಾಡ್ತಾ?"

"ಇಲ್ಲ ಭಾವ. ಕಾಲು ಪಾಸು."

"ಹಾಗಾದರೆ ಹೊರಡೋಣ ನಡೆ," ಎಂದೆ ಕಲಾವತಿಗೆ.

"ಎಲ್ಲಿಗೆ? ಈಗಷ್ಟೇ ಕೇಳ್ದೆ ಅಲ್ಲಾ, ಇಷ್ಟು ಮೀನು ಉಪ್ಪು ಹಾಕಿ ಒಣಗ್ಸೂಕದೆ, ಮಳೆ ಬೀಳೂ ತನಕ ನಾ ಇಲ್ಲೇ ಇರ್ಲಾ ಅಂತ. ತಲೆ ಹಾಕಿದ್ರಿ."

"ನಾನಾ?"

"ಅನುಮಾನ ಬಂತು ನಂಗೂ. ಅಣ್ಣ ಒಂದ್ಸಲಾ ಅಂದ, ಹಾಕಿದ್ರಿ. ಎರಡ್ಸಲಾ ಅಂದ, ಹಾಕಿದ್ರಿ. ಮೂರ್ಸಲಾ ಅಂದಾಗ ಗಲ್ಲ ಎದೆಗೇ ತಾಗ್ತು. ಹರಾಜು ಮುಗ್ದ ಮೇಲೆ ಮಾತು ತಪ್ಪೂದು ಗಟ್ಟಿ ಗಿರಾಕಿಗೆ ಚಂದ ಅಲ್ಲ."

ಗಟ್ಟಿ ಗಿರಾಕಿ. ಆ ಮಾತು ಇವಳಿಗೆ ಹೇಗೆ ಮುಟ್ಟಿತು ಎಂದು ಅಂಗಳ ನೋಡಿದೆ. ಟೆಂಪೋದವನು ಕೊನೆಯ ಬುಟ್ಟಿ ಇಳಿಸುತ್ತ ನನಗೆ ವಿನಯದಿಂದ ಕೈ ಮುಗಿದ.

ಸಂಜೆಯ ಬಸ್ಸಿಗೆ ಅವಳೇ ಬಂದು ಹತ್ತಿಸಿದಳು. ಕೈಯಲ್ಲೊಂದು ಪೊಟ್ಟಣ, ಹುರಿದ ತಾರ್ಲೆ. "ನಾಳೆ ಡಾಕ್ಟರಮ್ಮಂಗೆ ಹೇಳಿ, ಬೆಳಿಗ್ಗೆನೂ ನುಂಗಿದ್ದೆ ಅಂತ," ಎಂದಳು, ಕಿಟಕಿಯ ಸರಳಿನೊಳಗೆ ಕೈ ಹಾಕಿ ನನ್ನ ಕಾಲರ್ ಸರಿಮಾಡುತ್ತ. ಅದನ್ನು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ಕಾರವಾರದವರೆಗೂ ನನ್ನ ಕಾಲುಗಳು ಕದಲಲಿಲ್ಲ. ಆ ಮಾತ್ರೆಯ ಬಗ್ಗೆ ನನಗೆ ಈಗಲೂ ಯಾವ ದೂರೂ ಇಲ್ಲ.